ನಾಚಿಕೆಗೆ ಎಷ್ಟು ಅಂಕ?

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನಶ್ಶಾಸ್ತ್ರ ಓದುತ್ತಿರುವ ಮಗಳು ತಂದ ಪ್ರಶ್ನಾವಳಿಯನ್ನು ತುಂಬಿಕೊಟ್ಟಿರಿ. ಇಂಗ್ಲಿಷಿನಿಂದ ಅನುವಾದಿಸಿದ ಆ ಹಾಳೆಯಲ್ಲಿ ‘ನನ್ನ ದೇಹದ ಬಗ್ಗೆ ನನಗೆ ನಾಚಿಕೆಯಾಗುತ್ತದೆ’ ಎಂಬ ಸಾಲಿತ್ತು. ಒಂದರಿಂದ ಐದರೊಳಗೆ ಅಂಕ ಹಾಕಬೇಕಿತ್ತು. ನೀವು ಐದು ಹಾಕಿದಿರಿ. ಮಗಳು ಕೂಡಿ ನೋಡಿ, ‘ಅಮ್ಮ, ನಿನಗೆ ನಿನ್ನ ಮೈ ಬಗ್ಗೆ ಬಹಳ ಬೇಸರ ಇದೆ’ ಅಂದಳು. ‘ಹಾಗಾದರೆ ನಾಚಿಕೆ ಇಲ್ಲದವಳು ಅಂತ ಬರೆದುಕೊಡಬೇಕಿತ್ತೇ? ಮನಸ್ಸನ್ನು ಹೀಗೆ ಅಳೆಯಲು ಸಾಧ್ಯವೇ?’ ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆಯಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಮದುಮಗಳು ತಲೆ ತಗ್ಗಿಸಿದರೂ ನಮಗೆ ಅದು ನಾಚಿಕೆ, ಕದ್ದು ಸಿಕ್ಕಿಬಿದ್ದವನು ತಲೆ ತಗ್ಗಿಸಿದರೂ ನಾಚಿಕೆ. ‘ನಾಚಿಕೆಯಾಗಲ್ವಾ ನಿಂಗೆ?’ ಎಂದು ಬೈಯುವಾಗ ನಾವು ಕೇಳುತ್ತಿರುವುದು ಇರಲೇಬೇಕಾದ ಒಂದು ಗುಣವನ್ನು. ಇಂಗ್ಲಿಷಿನಲ್ಲಿ ಸಂಕೋಚಕ್ಕೊಂದು, ಅವಮಾನಕ್ಕೊಂದು ಬೇರೆ ಬೇರೆ ಪದಗಳಿವೆ. ಪ್ರಶ್ನಾವಳಿ ಮಾಡಿದವರು ಕೇಳಹೊರಟದ್ದು ಅವಮಾನವನ್ನು. ನೀವು ಉತ್ತರ ಕೊಟ್ಟದ್ದು ಮರ್ಯಾದೆಗೆ.

ಮಾನವಶಾಸ್ತ್ರಜ್ಞರಾದ ಉಷಾ ಮೆನನ್ ಮತ್ತು ರಿಚರ್ಡ್ ಶ್ವೇಡರ್ ಭುವನೇಶ್ವರದಲ್ಲಿ ಒಡಿಯಾ ಜನರ ‘ಲಜ್ಜೆ’ಯನ್ನು ಹೀಗೆಯೇ ಬೆನ್ನುಹತ್ತಿದವರು. ಲಜ್ಜೆ, ಕೋಪ, ಸಂತೋಷ, ಈ ಮೂರರಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದರೆ ಅಮೆರಿಕದವರ ಒಲವು ಸಂತೋಷವನ್ನು ಬೇರೆ ಇಡುವತ್ತ. ಉಳಿದೆರಡೂ ಅವರಿಗೆ ಕೆಟ್ಟ ಭಾವಗಳು. ಒಡಿಯಾದವರು ಬೇರೆ ಇಟ್ಟದ್ದು ಕೋಪವನ್ನು. ಮನೆ ಒಡೆಯುವುದು ಕೋಪ, ಮನೆ ಕಾಯುವುದು ಲಜ್ಜೆ ಎಂಬ ಲೆಕ್ಕ ಅದು. ನಿಮ್ಮ ಐದು ಅಂಕವೂ ಇದೇ ಲೆಕ್ಕದ್ದು.

ನಿಮ್ಮ ಮಗಳ ಹಾಳೆ ಯಾವುದರ ಅನುವಾದವೆಂದು ನೀವು ಬರೆದಿಲ್ಲ. ಈ ಬಗೆಯ ಒಂದು ಮಾಪಕವನ್ನು 2014ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದರು: 16 ವಾಕ್ಯಗಳು, ನಾಲ್ಕು ಭಾವಗಳು. ನಾಚಿಕೆ, ತಪ್ಪು ಮಾಡಿದೆನೆಂಬ ಅಳುಕು, ಹೆಮ್ಮೆ, ಜಂಬ. ಕೊನೆಯ ಎರಡಕ್ಕೂ ಆ ಮಾಪಕದಲ್ಲಿ ಇರುವುದು ಒಂದೇ ಇಂಗ್ಲಿಷ್ ಪದ. ಮುಂದೆ ವಿಶೇಷಣ ಅಂಟಿಸಿ ಬೇರ್ಪಡಿಸುತ್ತಾರೆ. ನಮಗೆ ಅಲ್ಲಿ ಕಷ್ಟವೇ ಇಲ್ಲ. ಹೆಮ್ಮೆ ಯಾವುದು, ಜಂಬ ಯಾವುದು ಎಂದು ಶಾಲೆಯ ಮಗುವೂ ಹೇಳುತ್ತದೆ. ಒಂದು ಭಾಷೆ ಬಿಡಿಸಿಟ್ಟದ್ದನ್ನು ಇನ್ನೊಂದು ಒಟ್ಟಿಗೆ ಕಟ್ಟಿಡುತ್ತದೆ.

ಅನುವಾದದ ಇಂಥ ತೊಡಕನ್ನು ಹಿಡಿಯಲು ಸಂಶೋಧಕರು ಕನ್ನಡ ಅನುವಾದವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಮೂಲದ ಜತೆ ಹೋಲಿಸುತ್ತಾರೆ. ಒಳ್ಳೆಯ ಕ್ರಮವೇ. ಆದರೆ ‘ನಾಚಿಕೆ’ ಈ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತದೆ, ಏಕೆಂದರೆ ಹಿಂದಿರುಗಿ ಬರುವುದು ಅದೇ ಇಂಗ್ಲಿಷ್ ಪದ. ಅದಕ್ಕಾಗಿ ಇನ್ನೊಂದು ಪರೀಕ್ಷೆ ಬೇಕು: ಒಳಗೆ ಒಂದೇ ಮಟ್ಟದ ಬೇಸರವಿರುವ ಇಬ್ಬರು, ಒಬ್ಬಳು ಹಾಸನದವಳು, ಒಬ್ಬಳು ಟೊರಾಂಟೊದವಳು, ಆ ವಾಕ್ಯಕ್ಕೆ ಒಂದೇ ಅಂಕ ಕೊಡುತ್ತಾರೆಯೇ? ಅದು ಖಚಿತವಾಗುವ ಮೊದಲೇ ‘ಆ ದೇಶದ ಹೆಂಗಸರಿಗೆ ಬೇಸರ ಹೆಚ್ಚು, ಈ ದೇಶದವರಿಗೆ ಕಡಿಮೆ’ ಎಂದು ಸರಾಸರಿ ಹೋಲಿಸಬಾರದು. ಹಿಂದೆ ಒಂದೊಂದು ಸೀಮೆಯಲ್ಲಿ ಸೇರು ಒಂದೊಂದು ಗಾತ್ರದ್ದಿತ್ತು. ಹತ್ತು ಸೇರು ಎಂದರೆ ಯಾವೂರ ಸೇರು ಎಂದು ಕೇಳಿಯೇ ಹಣ ಎಣಿಸುತ್ತಿದ್ದರು.

ಎರಡನೆಯ ಪ್ರಶ್ನೆಯಲ್ಲಿ ಮಾತ್ರ ನಾನು ನಿಮ್ಮ ಜತೆ ಬರಲಾರೆ. ಅಳೆಯಬೇಕು. ಫಿಜಿ ದ್ವೀಪಗಳಲ್ಲಿ ಹಿಂದಿನಿಂದಲೂ ಮೈತುಂಬಿಕೊಂಡ ಹೆಣ್ಣೇ ಚೆಲುವೆ ಎನಿಸಿಕೊಳ್ಳುತ್ತಿದ್ದಳು. ಅಲ್ಲಿನ ನದ್ರೋಗಾ ಸೀಮೆಗೆ ಟಿ.ವಿ. ಬಂದದ್ದು 1995ರಲ್ಲಿ. ಆನ್ ಬೆಕರ್ ಎಂಬ ವೈದ್ಯೆ ಆ ವರ್ಷ ಅಲ್ಲಿನ 63 ಶಾಲಾ ಹುಡುಗಿಯರಿಗೂ, 1998ರಲ್ಲಿ ಬೇರೆ 65 ಹುಡುಗಿಯರಿಗೂ ಊಟ, ತೂಕದ ಚಿಂತೆಯನ್ನು ಅಳೆಯುವ ಒಂದೇ ಪ್ರಶ್ನಾವಳಿ ಕೊಟ್ಟರು. ಊಟದ ವಿಷಯದಲ್ಲಿ ಅಪಾಯದ ಅಂಕ ದಾಟಿದವರು ಶೇ 12.7ರಿಂದ ಶೇ 29.2ಕ್ಕೆ ಏರಿದ್ದರು. ತೂಕ ಇಳಿಸಲೆಂದು ತಾವಾಗಿ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ ಶೇ 11.3. ಅದೂ ಪರದೇಶದ ಪ್ರಶ್ನಾವಳಿಯೇ. ಆದರೆ ಬೆಕರ್ ಹೋಲಿಸಿದ್ದು ಅದೇ ಸೀಮೆಯ ಮಕ್ಕಳನ್ನು, ಮೂರು ವರ್ಷದ ಅಂತರದಲ್ಲಿ. ಅಂಕಕ್ಕೇ ನಿಲ್ಲದೆ ಹುಡುಗಿಯರ ಜತೆ ಕೂತು ಮಾತನ್ನೂ ಕೇಳಿಸಿಕೊಂಡರು. ಗುಂಪು ಚಿಕ್ಕದು, ನಿಜ. ಆದರೂ ಆ ಎಣಿಕೆ ಇಲ್ಲದಿದ್ದರೆ ಆ ಮಕ್ಕಳ ಸಂಕಟ ಮನೆಯವರಿಗೂ ಕಾಣುತ್ತಿರಲಿಲ್ಲವೇನೋ.

ನನ್ನನ್ನು ಹೆಚ್ಚು ಕಾಡುವುದು ಇಂಥ ಹಾಳೆಗಳಲ್ಲಿ ಕೇಳದೆ ಬಿಟ್ಟದ್ದು. ಅನುವಾದವಾಗಿ ಬರುವ ಪ್ರಶ್ನೆಗಳು ಹೆಚ್ಚಾಗಿ ತೂಕ, ಗಾತ್ರದ ಸುತ್ತಲೇ ಇರುತ್ತವೆ. ನಮ್ಮ ಹುಡುಗಿಯರು ಕನ್ನಡಿಯ ಮುಂದೆ ಮೊದಲು ನೋಡಿಕೊಳ್ಳುವುದು ಬಣ್ಣವನ್ನು. ‘ಸಾಧಾರಣ ಬಣ್ಣ’, ‘ಎಣ್ಣೆಗೆಂಪು’, ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’: ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ಮಾತು ಕೇಳಿಸಿಕೊಂಡವಳ ನೋವು ಸೊಂಟದ ಸುತ್ತಳತೆಯ ಪ್ರಶ್ನೆಯಲ್ಲಿ ಸಿಗುವುದಿಲ್ಲ. ‘ಸೊರಗಿಹೋಗಿದ್ದೀಯಲ್ಲೇ’ ಎಂದು ಸೋದರತ್ತೆ ಮರುಗಿದ್ದಕ್ಕೆ ಅಳುವ ಹುಡುಗಿಯೂ ಆ ಹಾಳೆಯಲ್ಲಿಲ್ಲ.

ಮಗಳ ಮೇಲೆ ಮುನಿಸಿಕೊಳ್ಳಬೇಡಿ. ಆ ಅಂಕವನ್ನು ಮನಸ್ಸಿಗೂ ಹಚ್ಚಿಕೊಳ್ಳಬೇಡಿ. ಹಾಳೆ ಹಿಡಿದು ಅವಳ ಪಕ್ಕ ಕೂತು, ಒಂದೊಂದು ಸಾಲು ಓದಿದಾಗಲೂ ನಿಮ್ಮ ಮನಸ್ಸಿಗೆ ಬಂದದ್ದೇನೆಂದು ಹೇಳಿ, ಅವಳು ಬರೆದುಕೊಳ್ಳಲಿ. ಆಮೇಲೆ ನಿಮ್ಮ ಬೀದಿಯ ಇನ್ನೂ ಏಳೆಂಟು ಹೆಂಗಸರನ್ನು ಹೀಗೆಯೇ ಕೇಳಲಿ. ‘ನಾಚಿಕೆಯಾಗುತ್ತದೆ’ ಎಂಬಲ್ಲಿ ‘ನನ್ನ ಮೈ ನೋಡಿಕೊಂಡರೆ ನನಗೇ ಅಸಹ್ಯ ಅನಿಸುತ್ತದೆ’ ಎಂದೋ, ‘ನಾಲ್ಕು ಜನರ ಮುಂದೆ ಹೋಗಲು ಕೀಳರಿಮೆ’ ಎಂದೋ ಇಟ್ಟು ನೋಡಲಿ. ಆಗ ನೀವು ಎಷ್ಟು ಅಂಕ ಹಾಕಿದಿರಿ ಎಂದು ನನಗೂ ಒಂದು ಕಾರ್ಡು ಬರೆಯಿರಿ.

– ಸಂ.