ಮಸಿ ಕಪ್ಪಲ್ಲ ಅಂದ ಮಾವನನ್ನು ನಾಲ್ಕನೇ ಪುಟದಲ್ಲಿ ಯಾಕೆ ಅಡಗಿಸಿಟ್ಟಿರಿ?

ನಮಸ್ಕಾರ.

ನಿಮ್ಮ ‘ಪ್ರಕೃತಿಯ ಮಡಿಲಲ್ಲಿ ಒಬ್ಬ ಕಲಾತಪಸ್ವಿ’ ಲೇಖನ ನನ್ನ ಮೇಜಿಗೆ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸಲ ಓದಿದಾಗ ವಾಪಸ್ ಕಳಿಸುವ ಕಟ್ಟಿಗೆ ಸೇರಿಸಿದ್ದೆ. ಕಟ್ಟು ಬಿಗಿಯುವ ಮುಂಚೆ ಇನ್ನೊಮ್ಮೆ ತಿರುವಿ ಹಾಕುವುದು ನನ್ನ ಹಳೇ ಚಾಳಿ. ಹಾಗೆ ತಿರುವುವಾಗ ನಾಲ್ಕನೇ ಪುಟದಲ್ಲಿ ಕಣ್ಣು ನಿಂತಿತು. ‘ಪ್ರಕಟಿಸಲಾಗುತ್ತಿಲ್ಲ, ವಿಷಾದವಿದೆ’ ಎಂಬ ಒಂದು ಸಾಲಿನ ಬದಲು ಇಷ್ಟುದ್ದ ಕಾಗದ ಬರೆಯುತ್ತಿರುವುದು ಆ ಪುಟದ ದೆಸೆಯಿಂದ.

ಲೇಖನವನ್ನು ಈಗಿರುವ ರೂಪದಲ್ಲಿ ಹಾಕಲಾರೆ. ಇದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಹಗುರ.

ನೀವು ಬರೆದಿರುವುದು ಸಿದ್ದಾಪುರದ ಕಡೆಯ ಹಳ್ಳಿಯೊಂದರಲ್ಲಿರುವ ನಿಮ್ಮ ಸೋದರಮಾವನ ಬಗ್ಗೆ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು, ದಿನಕ್ಕೊಂದು ಜಲವರ್ಣ ಚಿತ್ರ ಮಾಡುವವರು, ಎಲ್ಲೂ ಪ್ರದರ್ಶನ ಮಾಡದವರು. ಒಳ್ಳೆಯ ವಿಷಯ. ಆದರೆ ಮೊದಲ ಮೂರು ಪುಟದಲ್ಲಿ ಅವರು ಎಲ್ಲೂ ಸಿಗುವುದಿಲ್ಲ. ‘ಸೃಷ್ಟಿಯ ಸೊಬಗನ್ನು ಕಣ್ತುಂಬಿಕೊಳ್ಳುವುದೇ ಒಂದು ಸೌಭಾಗ್ಯ’ ಎಂದು ಶುರು ಮಾಡುತ್ತೀರಿ. ಹಸಿರ ಸಿರಿ ಬರುತ್ತದೆ, ಹಕ್ಕಿಗಳ ಇಂಚರ ಬರುತ್ತದೆ, ಜುಳುಜುಳು ಹರಿಯುವ ತೊರೆಯೂ ಬರುತ್ತದೆ. ಯಾವ ಹಕ್ಕಿ ಎಂದು ಕೇಳಿದರೆ ಉತ್ತರವಿಲ್ಲ. ‘ಸೌಂದರ್ಯ’ ಎಂಬ ಪದಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಹೋದೆ, ಹನ್ನೊಂದಾದವು. ಬಣ್ಣದ ಹೆಸರು? ‘ವರ್ಣರಂಜಿತ’ ಬಿಟ್ಟರೆ ಒಂದೂ ಇಲ್ಲ. ಚಿತ್ರಕಾರನ ಮೇಲಿನ ಲೇಖನದಲ್ಲಿ ಮೂರು ಪುಟ ಕಳೆದರೂ ಒಂದು ಬಣ್ಣ ಇಲ್ಲದಿರುವುದು ಅಡುಗೆ ಭಟ್ಟರ ಬಗ್ಗೆ ಬರೆದು ಉಪ್ಪು, ಹುಳಿ, ಖಾರ ಮರೆತಂತೆ.

ಈಗ ನಾಲ್ಕನೇ ಪುಟಕ್ಕೆ ಬರುತ್ತೇನೆ. ಆಷಾಢದ ಮಳೆಯಲ್ಲಿ ಕಾಗದ ಒಣಗುವುದಿಲ್ಲವೆಂದು ಮಾವ ಒದ್ದೆ ಚಿತ್ರವನ್ನು ಬಚ್ಚಲಮನೆಗೆ ಒಯ್ಯುತ್ತಾರೆ. ಅಡಿಕೆ ಸಿಪ್ಪೆಯ ಬೆಂಕಿ, ಮೇಲೆ ತಾಮ್ರದ ಹಂಡೆ. ಒಲೆಯ ಕಾವಿಗೆ ಕಾಗದ ಹಿಡಿದುಕೊಂಡು ಕೂತವರು ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಚಿತ್ರವನ್ನೇ ಮರೆತು ಹಂಡೆ ನೋಡತೊಡಗುತ್ತಾರೆ. ಚಿಕ್ಕವರಾದ ನೀವು ಬಾಗಿಲಲ್ಲಿ ನಿಂತಿದ್ದೀರಿ. ಅವರು ತಿರುಗದೆಯೇ ಅನ್ನುತ್ತಾರೆ: ‘ಮಸಿ ಕಪ್ಪಿಲ್ಲೆ ಕೂಸೆ, ಸಮಾ ನೋಡು.’

ನೀವು ನೋಡಿದಿರಿ, ಅದೇ ದೊಡ್ಡದು. ಒಲೆಯ ಬಾಯಿಯ ಹತ್ತಿರ ಮಸಿ ಕಂದು, ಕೊಂಚ ಕೆಂಪೇ ಅನ್ನಬೇಕು. ಮೇಲೆ, ಗಾಜಿನ ಹಂಚಿನ ಬೆಳಕು ಬೀಳುವ ಕಡೆ, ಪಾರಿವಾಳದ ಕತ್ತಿನ ನೀಲಿ. ಹಂಡೆಯ ಕಂಠದಲ್ಲಿ ಮಾತ್ರ ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರ. ಮರುದಿನ ಮಾವ ಕಪ್ಪು ಬಣ್ಣದ ಬಿಲ್ಲೆಯನ್ನು ಡಬ್ಬಿಯಿಂದ ತೆಗೆದು ಕಿಟಕಿಯಲ್ಲಿಟ್ಟು, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ ಮಸಿ ಮಾಡುವುದನ್ನು ನಿಮಗೆ ತೋರಿಸಿದರು. ನೀಲಿ ಹೆಚ್ಚಾದರೆ ತಣ್ಣಗಿನ ಮಸಿ, ಸಿಯೆನ್ನಾ ಹೆಚ್ಚಾದರೆ ಕಾವಿನ ಮಸಿ. ಹಬೆ ಏಳುವಲ್ಲಿ ಬಣ್ಣವನ್ನೇ ಹಾಕಲಿಲ್ಲ. ಕಾಗದದ ಬಿಳಿಯನ್ನು ಹಾಗೇ ಬಿಟ್ಟರು.

ಇಡೀ ಲೇಖನ ಈ ಪ್ಯಾರಾದಲ್ಲಿದೆ. ನೀವು ಅದನ್ನು ಹನ್ನೆರಡು ಸಾಲಿನಲ್ಲಿ ಮುಗಿಸಿ, ‘ಹೀಗೆ ದೈನಂದಿನ ವಸ್ತುಗಳಲ್ಲೂ ಸೌಂದರ್ಯ ಕಾಣುವ ಒಳಗಣ್ಣು ಅವರದು’ ಎಂದು ಬಾಗಿಲು ಹಾಕಿಕೊಂಡು ಮತ್ತೆ ತೊರೆಯ ದಂಡೆಗೆ ಹೋಗಿಬಿಟ್ಟಿರಿ. ಓದುಗರಿಗೆ ಹಂಡೆ ಕಂಡಮೇಲೆ ಒಳಗಣ್ಣಿನ ಮಾತು ಯಾಕೆ? ಮಾವನಿಗೆ ವಸ್ತು ಸಿಕ್ಕಿದ್ದು ಹೇಗೆ ಎನ್ನುವುದನ್ನು ಗಮನಿಸಿ. ಸೌಂದರ್ಯ ಹುಡುಕಿಕೊಂಡು ಅವರು ಬಚ್ಚಲಿಗೆ ಹೋಗಲಿಲ್ಲ, ಕಾಗದ ಒಣಗಿಸಲು ಹೋದರು. ಮಲೆನಾಡಿನ ಮಳೆ ಅವರನ್ನು ಅಲ್ಲಿ ಕೂರಿಸಿತು. ಕೂತ ಮೇಲೆ ಬೇರೆ ನೋಡಲು ಏನೂ ಇರಲಿಲ್ಲ. ಈ ಸಂಗತಿಯಲ್ಲಿ ಎಷ್ಟು ಜೀವವಿದೆ ಎಂದರೆ, ನೀವು ಅದಕ್ಕೆ ಬರೀ ಅಡ್ಡ ಬರದಿದ್ದರೆ ಸಾಕು.

ನಾವು ಕನ್ನಡದವರು ಚಿತ್ರವನ್ನೂ ಬರೆಯುತ್ತೇವೆ, ಕಾಗದವನ್ನೂ ಬರೆಯುತ್ತೇವೆ. ಒಂದೇ ಕ್ರಿಯಾಪದ. ಮಾವ ಹಬೆಯನ್ನು ಬರೆದದ್ದು ಬಣ್ಣ ಹಾಕದೆ. ನೀವು ಅದೇ ಹಬೆಗೆ ‘ಮನಮೋಹಕ’, ‘ಮಾಯಾಲೋಕದಂಥ’, ‘ಅವರ್ಣನೀಯ’ ಎಂದು ಮೂರು ಕೈ ಸುಣ್ಣ ಬಳಿದಿದ್ದೀರಿ. ಅವರ್ಣನೀಯ ಎಂದಮೇಲೆ ವರ್ಣಿಸುವ ಕೆಲಸಕ್ಕೆ ಯಾಕೆ ಕೂರಬೇಕು, ಹೇಳಿ!

ಇನ್ನೊಂದು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ‘ಕಲೆಯ ಗಂಧಗಾಳಿಯೇ ಇಲ್ಲದ ಹಳ್ಳಿಗರ ನಡುವೆ’ ನಿಮ್ಮ ಮಾವ ಒಬ್ಬಂಟಿ ತಪಸ್ವಿ ಎಂದಿದ್ದೀರಿ. ಸಿದ್ದಾಪುರ, ಸಾಗರದ ಕಡೆಯವರು ಈ ಮಾತು ಬರೆಯಬಹುದೇ? ನಿಮ್ಮ ಸುತ್ತಲಿನ ದೀವರ ಕೇರಿಗಳಲ್ಲಿ ಹೆಂಗಸರು ಮದುವೆಗೆ ಹಸೆಗೋಡೆ ಚಿತ್ತಾರ ಬರೆಯುವುದನ್ನು ನೋಡಿಲ್ಲವೇ? ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆದು, ಗದ್ದೆಗೆ ಎಡೆ ಹೊತ್ತುಕೊಂಡು ಹೋಗುತ್ತಾರಲ್ಲ, ಆ ಭೂಮಣ್ಣಿ ಬುಟ್ಟಿ? ಅವರ ಕುಂಚ ಪುಂಡಿನಾರು. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಸುಟ್ಟ ಅಕ್ಕಿ. ನಿಮ್ಮ ಮಾವ ಕಪ್ಪು ಬಿಲ್ಲೆಯನ್ನು ಕಿಟಕಿಯಲ್ಲಿಟ್ಟು ಕಪ್ಪನ್ನು ಹುಡುಕುತ್ತಿದ್ದಾಗ, ನಾಲ್ಕು ಫರ್ಲಾಂಗ್ ದೂರದಲ್ಲಿ ಯಾರೋ ಅಕ್ಕಿ ಹುರಿದು ಕಪ್ಪು ಮಾಡುತ್ತಿದ್ದಿರಬಹುದು. ಅವರು ಬರೆಯುವುದೂ ದಿನಾ ಕಾಣುವುದನ್ನೇ, ಭತ್ತದ ಸಸಿ, ಗದ್ದೆ, ಮನೆಯ ಮಾಡು. ಆ ವಾಕ್ಯ ಪೂರ್ತಿ ಹೋಗಲಿ. ಅದರ ಜಾಗದಲ್ಲಿ ಮಾವನನ್ನು ಕೇಳಿ ಬನ್ನಿ, ಅವರು ಹಸೆಗೋಡೆಯ ಎದುರು ಎಂದಾದರೂ ಕೂತಿದ್ದರೇ ಎಂದು.

ಆರನೇ ಪುಟದಲ್ಲಿ ವ್ಯಾನ್ ಗೋ, ಪಿಕಾಸೊ, ರವಿವರ್ಮ, ಹೆಬ್ಬಾರರು ಒಂದೇ ವಾಕ್ಯದಲ್ಲಿ ಬಸ್ಸಿಗೆ ಕಾದು ನಿಂತವರ ಹಾಗೆ ನಿಂತಿದ್ದಾರೆ. ‘ಇವರೆಲ್ಲರಂತೆ ನಮ್ಮ ಮಾವನೂ’ ಎಂದರೆ ಮಾವನ ತೂಕ ಹೆಚ್ಚುವುದಿಲ್ಲ. ನಾಲ್ವರನ್ನೂ ಇಳಿಸಿಬಿಡಿ. ಯಾರಾದರೂ ಒಬ್ಬರು ಬೇಕೇ ಬೇಕು ಎಂದಾದರೆ ಕೆಲಸಕ್ಕೆ ಬರುವವರನ್ನು ಕರೆಯಿರಿ. ಇಟಲಿಯ ಬೊಲೋನ್ಯಾದಲ್ಲಿ ಜಾರ್ಜೊ ಮೊರಾಂಡಿ ಎಂಬ ಚಿತ್ರಕಾರನಿದ್ದ, 1964ರಲ್ಲಿ ತೀರಿಕೊಂಡ. ತಂಗಿಯರ ಜೊತೆ ಒಂದೇ ಮನೆಯಲ್ಲಿ ಬದುಕು ಕಳೆದ. ಮಲಗುವ ಕೋಣೆಯೇ ಚಿತ್ರದ ಕೋಣೆ. ಹತ್ತಾರು ವರ್ಷ ಅವನು ಬರೆದದ್ದು ಹೆಚ್ಚಾಗಿ ಬಾಟಲಿ, ಹೂಜಿ, ಡಬ್ಬಿ. ಅವುಗಳ ಮೇಲಿನ ಧೂಳನ್ನೂ ಒರೆಸದೆ ಬಿಡುತ್ತಿದ್ದ. ಧೂಳು ಕೂತರೆ ಗಾಜು ಮಿಂಚುವುದಿಲ್ಲ, ಬಣ್ಣ ಮೆತ್ತಗಾಗುತ್ತದೆ. ನಿಮ್ಮ ಅತ್ತೆ ತಿಕ್ಕದೆ ಬಿಟ್ಟ ಹಂಡೆಯ ಹೊಟ್ಟೆಗೂ ಆ ಧೂಳಿಗೂ ನಂಟಿದೆ.

ನಮ್ಮವರೇ ಬೇಕಾದರೆ ರುಮಾಲೆ ಚನ್ನಬಸವಯ್ಯ ಇದ್ದಾರೆ. ದೊಡ್ಡಬಳ್ಳಾಪುರದ ಕಡೆಯವರು, 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟ, ಸೇವಾದಳ, ಪತ್ರಿಕೆ ಎಂದು ಓಡಾಡಿ ಮತ್ತೆ ಕುಂಚಕ್ಕೆ ಮರಳಿದರು. ಬೆಂಗಳೂರಿನಲ್ಲಿ ದಿನಾ ಸಾವಿರಾರು ಜನ ಓಡಾಡುವ ರಸ್ತೆಯ ಮರಗಳನ್ನೇ ಬರೆದರು. ಜಕರಂಡದ ನೇರಳೆ, ಗುಲ್‌ಮೊಹರ್‌ನ ಕೆಂಪು. ಮರದ ಹೂವು ಯಾರಿಗೂ ಕಾಯುವುದಿಲ್ಲ, ಎರಡು ಮಳೆ ಬಿದ್ದರೆ ನೆಲಕ್ಕೆ. ಹಾಗಾಗಿ ಅಂಥ ಚಿತ್ರಕಾರನ ವರ್ಷ ಪಂಚಾಂಗಕ್ಕಿಂತ ಮರದ ಲೆಕ್ಕದಲ್ಲಿ ನಡೆಯುತ್ತದೆ. ನಿಮ್ಮ ಮಾವನ ವರ್ಷ ಯಾವ ಲೆಕ್ಕದಲ್ಲಿ ನಡೆಯುತ್ತದೆ? ಅಡಿಕೆ ಕೊನೆ ಕೊಯ್ಲೇ, ಸೊಪ್ಪು ತರುವ ಕಾಲವೇ, ಅಡಿಕೆ ಬೇಯಿಸುವ ತಿಂಗಳೇ? ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ ಕೆಂಪನ್ನು ಕಾಗದಕ್ಕೆ ಹಚ್ಚಿ ನೋಡಿ ‘ವಾರದಲ್ಲಿ ಕಂದಾಯಿತು’ ಎಂದು ಬೈದುಕೊಂಡರು ಎಂಬ ಒಂದು ಸಾಲು ಐದನೇ ಪುಟದಲ್ಲಿದೆ. ಇಂಥ ಇನ್ನೂ ನಾಲ್ಕು ಸಾಲು ಕೊಡಿ, ಹಕ್ಕಿಗಳ ಇಂಚರವನ್ನು ನಾನೇ ಹೊಡೆದುಹಾಕುತ್ತೇನೆ.

ಹಿತ್ತಿಲಿನ ಹಲಸಿನ ಮರವನ್ನು ಹದಿನೇಳು ಸಲ ಬರೆದಿದ್ದಾರೆ ಎಂದಿರಿ. ಅದನ್ನು ‘ಛಲ’ ಎಂದು ಕರೆದಿರಿ. ನನಗೆ ಹಾಗನ್ನಿಸುವುದಿಲ್ಲ. 1890-91ರಲ್ಲಿ ಫ್ರಾನ್ಸಿನ ಚಿತ್ರಕಾರ ಮೋನೆ ಜಿವರ್ನಿಯ ತನ್ನ ಮನೆಯ ಹತ್ತಿರದ ಗೋದಿ ಬಣವೆಗಳನ್ನು ಸುಮಾರು 25 ಸಲ ಬರೆದ. ಬೆಳಕು ಬದಲಾದ ಕೂಡಲೇ ಕ್ಯಾನ್ವಾಸ್ ಬದಲಿಸುತ್ತಿದ್ದ, ಯಾಕೆಂದರೆ ಬೆಳಿಗ್ಗೆಯ ಬಣವೆಯ ಮೇಲೆ ಮಧ್ಯಾಹ್ನದ ಬಣ್ಣ ಹಚ್ಚಿದರೆ ಎರಡೂ ಕೆಡುತ್ತವೆ. ಬಣವೆ ಅವನಿಗೆ ಒಂದು ನೆಪ, ಬರೆಯುತ್ತಿದ್ದದ್ದು ಬೆಳಕನ್ನು. ಮಾವ ಪ್ರತಿ ಚಿತ್ರದ ಹಿಂದೆ ತಾರೀಕು, ಹೊತ್ತು ಬರೆದಿಡುತ್ತಾರೆ ಎಂದು ನೀವೇ ಹೇಳಿದ್ದೀರಿ. ಹದಿನೇಳನ್ನೂ ಜಗಲಿಯ ಮೇಲೆ ಸಾಲಾಗಿ ಹರಡಿ ನೋಡಿ. ಯಾವುದರಲ್ಲಿ ಎಳೆ ಹಲಸು, ಯಾವುದರಲ್ಲಿ ಬರೀ ತೊಟ್ಟು, ಯಾವ ತಿಂಗಳಲ್ಲಿ ಕಾಂಡಕ್ಕೆ ಹಾವಸೆ ಹತ್ತಿದೆ? ಹದಿನೇಳನೆಯದಾದ ಮೇಲೆ ಯಾಕೆ ನಿಲ್ಲಿಸಿದರು? ಮರ ಇನ್ನೂ ಇದೆಯೇ? ನಾನು ಎರಡು ಸಲ ಓದಿದೆ, ಮರ ಇದೆಯೋ ಬಿದ್ದಿದೆಯೋ ಗೊತ್ತಾಗಲಿಲ್ಲ.

ಈಗ ನನ್ನ ದೊಡ್ಡ ತಕರಾರು. ‘ಅವರ ಕುಂಚಕ್ಕೆ ಎಲ್ಲವೂ ವಸ್ತುವೇ’ ಎಂದು ಎರಡು ಕಡೆ ಬರೆದಿದ್ದೀರಿ. ಹಾಗಿದ್ದರೆ ಅವರು ಆರಿಸುತ್ತಿಲ್ಲ ಎಂದಾಯಿತು. ಆರಿಸದೆ ಯಾರೂ ಚಿತ್ರ ಮಾಡಲಾರರು. ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋಗುವವರ ಕಣ್ಣಿಗೆ ನೂರು ವಸ್ತು ಬೀಳುತ್ತವೆ, ತೊಂಬತ್ತೊಂಬತ್ತನ್ನು ದಾಟಿ ಹೋಗುತ್ತಾರೆ. ಯಾವುದನ್ನು ದಾಟಿದರು ಎಂದು ನಿಮಗೆ ಗೊತ್ತಾದರೆ, ನಿಂತದ್ದು ಯಾಕೆ ಎಂದೂ ಗೊತ್ತಾಗುತ್ತದೆ. ಇದಕ್ಕೆ ಒಂದು ಎಳೆ ನಿಮ್ಮ ಕೈಯಲ್ಲೇ ಇತ್ತು. ಏಳನೇ ಪುಟದಲ್ಲಿ, ಆವರಣದೊಳಗೆ, ‘(ವಿಚಿತ್ರವೆಂದರೆ ಮಾವ ಜೋಗ ಜಲಪಾತವನ್ನು ಒಮ್ಮೆಯೂ ಬರೆದಿಲ್ಲ)’ ಎಂದಿದೆ. ಆವರಣದೊಳಗೆ! ಸಿದ್ದಾಪುರದಿಂದ ಜೋಗ ಎಷ್ಟು ದೂರ? ಇಪ್ಪತ್ತು ಚಿಲ್ಲರೆ ಕಿಲೋಮೀಟರ್. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಬೀಳುತ್ತಿವೆ. ನಾಡಿನ ಕ್ಯಾಲೆಂಡರು, ಹೋಟೆಲ್ ಗೋಡೆ, ಬೆಂಕಿಪೊಟ್ಟಣದ ತನಕ ಅದೇ ಜೋಗ. ಚಿತ್ರ ಬರೆಯುವ ಒಬ್ಬ ಮನುಷ್ಯ ಅದರ ಮಗ್ಗುಲಲ್ಲಿ ಬದುಕು ಸವೆಸಿ, ಒಮ್ಮೆಯೂ ಅದನ್ನು ಬರೆಯದೆ, ಬಚ್ಚಲ ಹಂಡೆಯನ್ನು ಬರೆದಿದ್ದಾನೆ. ಯಾಕೆ?

ನನಗೆ ಎರಡು ಮೂರು ಊಹೆಗಳಿವೆ, ಹೇಳುವುದಿಲ್ಲ. ಹೇಳಿದರೆ ನೀವು ಅದನ್ನೇ ಮಾವನ ಬಾಯಲ್ಲಿ ಇಟ್ಟುಬಿಡುತ್ತೀರಿ ಎಂಬ ಭಯ. ಈಗಾಗಲೇ ಅವರ ಬಾಯಲ್ಲಿ ‘ಕಲೆಯೆಂಬುದು ಅಂತರಂಗದ ಅನುಸಂಧಾನ’ ಎಂದು ಹೇಳಿಸಿದ್ದೀರಲ್ಲ. ‘ಮಸಿ ಕಪ್ಪಿಲ್ಲೆ ಕೂಸೆ’ ಎಂದವರು ಇದನ್ನು ಖಂಡಿತ ಹೇಳಿರಲಾರರು. ಹವ್ಯಕ ಮಾತು ಪತ್ರಿಕೆಯಲ್ಲಿ ಎಲ್ಲರಿಗೂ ಅರ್ಥವಾದೀತೇ ಎಂದು ಅಳುಕಿ ತಿದ್ದಿರಬೇಕು. ಅಳುಕಬೇಡಿ. ಬೀದರಿನವರೂ ಮಡಿಕೇರಿಯವರೂ ಆ ಒಂದು ಸಾಲನ್ನು ತಡವರಿಸದೆ ಓದುತ್ತಾರೆ.

ನನ್ನದೂ ಒಂದು ಹಳೆಯ ಪೆಟ್ಟು ಹೇಳಿಬಿಡುತ್ತೇನೆ, ನೀವೊಬ್ಬರೇ ಎಂದುಕೊಳ್ಳಬೇಡಿ. ಇಪ್ಪತ್ತೈದರ ವಯಸ್ಸಿನಲ್ಲಿ ನಾನೂ ಒಬ್ಬ ಸೈನ್‌ಬೋರ್ಡ್ ಚಿತ್ರಕಾರರ ಬಗ್ಗೆ ಬರೆದಿದ್ದೆ. ಎರಡು ದಿನ ಅವರ ಅಂಗಡಿಯಲ್ಲಿ ಕೂತಿದ್ದೆ. ‘ಬದುಕಿನ ಬಣ್ಣ’, ‘ಬಣ್ಣದ ಬದುಕು’ ಎಂದೆಲ್ಲ ಆಟವಾಡಿದ್ದೆ. ಅಚ್ಚಾದ ಮೇಲೆ ಅವರ ಮಗಳು ನಗುತ್ತ ಕೇಳಿದಳು, ‘ಅಪ್ಪ ಎಡಗೈಯಲ್ಲಿ ಬರೀತಾರೆ ಅಂತ ಹಾಕಲೇ ಇಲ್ವಲ್ಲ ಸಾರ್?’ ಎರಡು ದಿನ ಕೂತು ನಾನು ಅದನ್ನು ನೋಡಿರಲಿಲ್ಲ. ಎಡಗೈಯವರಾದ್ದರಿಂದ ಒದ್ದೆ ಅಕ್ಷರದ ಮೇಲೆ ಕೈ ಒರೆಸದಿರಲೆಂದು ಸಾಲನ್ನು ಬಲದಿಂದ ಎಡಕ್ಕೆ ತುಂಬುತ್ತಿದ್ದರಂತೆ, ಕಡೆಯ ಅಕ್ಷರದಿಂದ ಶುರು ಮಾಡಿ. ಅದೊಂದು ಇದ್ದಿದ್ದರೆ ಉಳಿದದ್ದು ಬೇಕಿರಲಿಲ್ಲ.

ಇನ್ನು ಸಣ್ಣಪುಟ್ಟವು. ಪ್ರಶಸ್ತಿಗಳ ಪ್ಯಾರಾ ಬೇಡ, ಶಾಲೆಯ ಬಹುಮಾನಗಳ ಪಟ್ಟಿ ಯಾರೂ ಓದುವುದಿಲ್ಲ. ‘ಕಲಾತಪಸ್ವಿ’ ತೆಗೆಯಿರಿ. ಅತ್ತೆ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾರೆ, ಹಂಡೆಯ ಕಂಠ ತಿಕ್ಕಿದವರು ಅವರಲ್ಲವೇ, ಇನ್ನೆರಡು ವಾಕ್ಯ ಕೊಡಿ. ಆ ಚಿತ್ರ ನೋಡಿ ಅವರು ಏನೆಂದರು?

ಒಂಬೈನೂರು ಪದ ಸಾಕು. ಬಚ್ಚಲಿನಿಂದ ಶುರು ಮಾಡಿ, ಒಲೆಯ ಮುಂದಿನಿಂದ. ಹಂಡೆಯ ಚಿತ್ರದ ಫೋಟೊ ಕಳಿಸುವುದಾದರೆ ಫ್ಲ್ಯಾಶ್ ಹಾಕಬೇಡಿ, ಅಂಗಳಕ್ಕೆ ಬಿಸಿಲು ನೇರ ಬೀಳದ ಹೊತ್ತಿನಲ್ಲಿ ತೆಗೆಯಿರಿ, ಇಲ್ಲದಿದ್ದರೆ ಆ ನೀಲಿ ಮಸಿ ಅಚ್ಚಿನಲ್ಲಿ ಬರೀ ಕಪ್ಪಾಗುತ್ತದೆ, ಮಾವನಿಗೆ ಮುಖ ತೋರಿಸುವುದು ಕಷ್ಟ. ಬಾಗಿಲ ಹಿಂದೆ ಅರ್ಧಕ್ಕೆ ನಿಂತ ಒಂದು ಚಿತ್ರ ತೂಗುತ್ತಿದೆ ಎಂದೂ ಬರೆದಿದ್ದೀರಿ, ಅಡಿಕೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಿರುವುದು, ಮುಖ ಮಾತ್ರ ಖಾಲಿ. ಊರಿಗೆ ಹೋದಾಗ ಜೋಗದ ಜೊತೆಗೆ ಅದನ್ನೂ ಕೇಳಿಕೊಂಡು ಬನ್ನಿ. ಕೊಯ್ಲು ಮುಗಿಯುವವರೆಗೆ ಕಾಯುತ್ತೇನೆ.

ನಿಮ್ಮ,
ಸಂಪಾದಕ