ಕಾಡು ಅಣಬೆ ಸೀಳಿದಾಗ ಸಿಗುವ ಬಿಳಿ ಹುಳು ಯಾವ ನೊಣದ್ದು ಅಂತ ಗುರುತಿಸುವುದು ಹೇಗೆ?

ಮೊದಲು ತಲೆ ನೋಡಿ. ಮೈ ಬೆಳ್ಳಗೆ, ಒಳಗಿನ ಕರುಳು ಕಾಣುವಷ್ಟು ತೆಳು, ತುದಿಯಲ್ಲಿ ಹೊಳೆಯುವ ಪುಟ್ಟ ಕಪ್ಪು ತಲೆ ಇದ್ದರೆ ಅದು ಬಹುತೇಕ ಅಣಬೆ ನುಸಿಯ ಮರಿ. ಅಂದರೆ ಸೊಳ್ಳೆಯ ದೂರದ ನೆಂಟ. ಬೇರೆ ತಲೆಯೇ ಕಾಣದೆ, ಮುಂದೆ ಚೂಪಾಗಿ ಹಿಂದೆ ದಪ್ಪಗಿದ್ದು, ಬಾಯಲ್ಲಿ ಕಪ್ಪು ಕೊಕ್ಕೆ ಮಾತ್ರ ಇದ್ದರೆ ಹಣ್ಣಿನ ನೊಣದಂಥವುಗಳ ಮರಿ. ಮೂರು ಜೊತೆ ಕಾಲಿದ್ದರೆ ನೊಣವೇ ಅಲ್ಲ, ಜೀರುಂಡೆ ಮರಿ ಇರಬಹುದು.

ಆದರೆ ಇಂಥದ್ದೇ ಜಾತಿ ಅಂತ ಹುಳು ನೋಡಿ ಹೇಳುವುದು ತುಂಬಾ ಕಷ್ಟ, ಯಾಕಂದ್ರೆ ರೆಕ್ಕೆಯ ನರಗಳಂಥ ಮುಖ್ಯ ಗುರುತುಗಳು ಬೆಳೆದ ನೊಣದಲ್ಲಷ್ಟೇ ಇರುತ್ತವೆ. ಹಾಗಾಗಿ ಅಣಬೆ ಚೂರನ್ನು ಒದ್ದೆ ಮಣ್ಣಿನ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಕೆಲವು ವಾರ ಕಾಯಿರಿ. ಹಾಂ, ಹುಳು ತಿಂದಿದೆ ಅಂತ ಆ ಅಣಬೆಯನ್ನು ನೀವು ತಿನ್ನಬೇಡಿ. ವಿಷದ ಅಣಬೆಯಲ್ಲೂ ಇವು ಆರಾಮಾಗಿ ಬೆಳೆಯುತ್ತವೆ.