ಸಣ್ಣ ಕೈಯವರಿಗೆ ಕಾರ್ಡ್ ಫ್ಲರಿಶಿಂಗ್: ಚಾರ್ಲಿಯರ್ ಕಟ್ ತಪ್ಪುವುದೆಲ್ಲಿ?

ಬದಿಯಡ್ಕದಿಂದ ನೀವು ಕೇಳಿದ್ದು: ಇಸ್ಪೀಟ್ ಎಲೆಗಳನ್ನು ಕೈಚಳಕದಿಂದ ಆಡಿಸಿ ತೋರಿಸುವ ಕಾರ್ಡ್ ಫ್ಲರಿಶಿಂಗ್ ಕಲಿಯುವ ಆಸೆ, ಆದರೆ ಬೆರಳು ಗಿಡ್ಡ, ಒಂದೇ ಕೈಯಲ್ಲಿ ಕಟ್ ಮಾಡಹೊರಟರೆ ಎಲೆಗಳೆಲ್ಲ ಉದುರುತ್ತವೆ. ಕಲಿಯಲು ಸಾಧ್ಯವೇ, ಯಾವ ಇಸ್ಪೀಟ್ ಕಟ್ಟು ಕೊಳ್ಳಬೇಕು?

ಖಂಡಿತ ಸಾಧ್ಯ. ಎಲೆಗಳ ಕಟ್ಟನ್ನು ಒಂದೇ ಕೈಯಲ್ಲಿ ಎರಡು ಮಾಡಿ, ಕೆಳಗಿನ ಅರ್ಧವನ್ನು ಮೇಲಕ್ಕೆ ತರುವುದೇ ಚಾರ್ಲಿಯರ್ ಕಟ್. ಚಾರ್ಲಿಯರ್ ಕಟ್‌ನಲ್ಲಿ ಬೆರಳು ಹಿಡಿಯಬೇಕಾದದ್ದು ಎಲೆಯ ಅಗಲವನ್ನು, ಉದ್ದವನ್ನಲ್ಲ. ಪೋಕರ್ ಅಳತೆಯ ಎಲೆ 63 ಮಿ.ಮೀ. ಅಗಲ, ಬ್ರಿಜ್ ಅಳತೆಯದ್ದು 57. ಆ 6 ಮಿ.ಮೀ. ಸಣ್ಣ ಕೈಗೆ ದೊಡ್ಡ ಉಪಕಾರ. ಉದ್ದ ಎರಡರಲ್ಲೂ 88 ಮಿ.ಮೀ.; ಹಾಗಾಗಿ ಎಲೆಗಳನ್ನು ಉದ್ದಕ್ಕೆ ಹಿಡಿದು ಚಿಮ್ಮಿಸುವ ಸ್ಪ್ರಿಂಗ್‌ಗೆ ಬ್ರಿಜ್ ಕಟ್ಟಿನಿಂದ ಏನೂ ಪ್ರಯೋಜನವಿಲ್ಲ. ಅದನ್ನು ಸದ್ಯ ಬಿಟ್ಟುಬಿಡಿ.

52 ಎಲೆಯೂ ಬೇಡ, ಮೊದಲು 26 ಸಾಕು. ಕಟ್ಟಿನ ಒಂದು ಉದ್ದದ ಅಂಚಿಗೆ ಹೆಬ್ಬೆರಳ ತುದಿ, ಎದುರಿನ ಅಂಚಿಗೆ ನಡುಬೆರಳು, ಉಂಗುರ ಬೆರಳುಗಳ ತುದಿ, ನಿಮ್ಮ ಕಡೆಯ ಗಿಡ್ಡ ಅಂಚಿಗೆ ಕಿರುಬೆರಳು. ತೋರುಬೆರಳು ಅಡಿಯಲ್ಲಿ ಮಡಚಿರಲಿ. ಹೆಬ್ಬೆರಳನ್ನು ತುಸು ಸಡಿಲಿಸಿದರೆ ಕೆಳಗಿನ ಅರ್ಧ ಅಂಗೈಗೆ ಬೀಳುತ್ತದೆ. ಅದನ್ನು ತೋರುಬೆರಳಿನಿಂದ ಹೆಬ್ಬೆರಳ ಕಡೆಗೆ ಮೇಲೆ ತಳ್ಳಿ. ಮೇಲಿನ ಅರ್ಧದ ಅಂಚು ಅದನ್ನು ದಾಟಿ ಜಾರಿದ ಕೂಡಲೇ ಕೈ ಮುಚ್ಚಿ.

ಸಣ್ಣ ಕೈಯವರು ಹೆಚ್ಚಾಗಿ ತಪ್ಪುವುದು ಶುರುವಿನಲ್ಲೇ. ಬಿದ್ದೀತೆಂಬ ಹೆದರಿಕೆಗೆ ಕಟ್ಟನ್ನು ಅಂಗೈಗೆ ಒತ್ತಿ ಹಿಡಿಯುತ್ತಾರೆ. ಆಗ ಕೆಳಗಿನ ಅರ್ಧಕ್ಕೆ ಬೀಳಲು ಜಾಗವೇ ಉಳಿಯುವುದಿಲ್ಲ. ಬೆರಳ ತುದಿಯಲ್ಲೇ ಎತ್ತಿ ಹಿಡಿಯಿರಿ. ಎರಡು ಅರ್ಧಗಳ ಅಂಚು ಒಂದಕ್ಕೊಂದು ತಾಗಿ ನಿಂತುಬಿಟ್ಟರೆ ತೋರುಬೆರಳಿಗೆ ಬಲ ಸಾಲದೆಂದು ತಿಳಿಯಬೇಡಿ, ಆ ಕ್ಷಣದಲ್ಲಿ ನಡುಬೆರಳು, ಉಂಗುರ ಬೆರಳು ಸ್ವಲ್ಪ ಹೊರಕ್ಕೆ ತೆರೆದುಕೊಳ್ಳಬೇಕು. ಆದರೂ ದಾಟದಿದ್ದರೆ ನಾಲ್ಕೈದು ಎಲೆ ತೆಗೆಯಿರಿ. ಎಲೆಗಳು ಕಿರುಬೆರಳ ಕಡೆಯಿಂದ ಜಾರಿದರೆ ಆ ಬೆರಳನ್ನು ಮೂಲೆಯ ಹತ್ತಿರಕ್ಕೆ ತನ್ನಿ. ಸಾಲಾಗಿ ಹತ್ತು ಸಲ ಬೀಳದೆ ಬಂದ ಮೇಲೆ ಐದೈದು ಎಲೆ ಸೇರಿಸುತ್ತ ಹೋಗಿ.

ಹತ್ತು ನಿಮಿಷ ಮಾಡಿ, ಬಿಡಿ. ಹೆಬ್ಬೆರಳ ಬುಡ ನೋಯುತ್ತಿದ್ದರೆ ಅಂದಿಗೆ ಸಾಕು. ಹಾಸಿಗೆಯ ಮೇಲೆ ಕೂತು ಅಭ್ಯಾಸ ಮಾಡಿದರೆ ಬಿದ್ದ ಎಲೆಗಳ ಮೂಲೆ ಮುರಿಯುವುದಿಲ್ಲ.

ಕೊಳ್ಳುವಾಗ ಪೂರ್ತಿ ಪ್ಲಾಸ್ಟಿಕ್ ಎಲೆ ಬೇಡವೆಂದೇ ನನ್ನ ಸಲಹೆ. ನೀರಿಗೆ ಹೆದರದು ನಿಜ, ಆದರೆ ಕಲಿಯುವ ಕೈಗೆ ತೀರಾ ಜಾರುತ್ತದೆ. ಸಣ್ಣ ಸಣ್ಣ ಗುಳಿಗಳ ಮೈಯಿರುವ ಕಾಗದದ ಎಲೆ ಒಳ್ಳೆಯದು. ಗುಳಿಗಳಲ್ಲಿ ನಿಲ್ಲುವ ಗಾಳಿಯಿಂದ ಎಲೆಗಳು ಒಂದರ ಮೇಲೊಂದು ಹಗುರಾಗಿ ಸರಿಯುತ್ತವೆ. ಹೊಸ ಕಟ್ಟು ಬಿರುಸಾಗಿರುತ್ತದೆ, ಒಂದಷ್ಟು ಹೊತ್ತು ಕಲಸಿ ಮೆತ್ತಗಾದ ಮೇಲೆ ಕಟ್‌ಗೆ ಕೈ ಹಾಕಿ.

ನಮ್ಮ ಕಡೆಯ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಾತ್ರ ಕಾಗದದ ಎಲೆ ತೇವ ಹೀರಿ ಉಬ್ಬುತ್ತದೆ, ಬಾಗುತ್ತದೆ, ಬೀಸಣಿಗೆಯಂತೆ ಬಿಡಿಸಿದರೆ ಗುಂಪುಗುಂಪಾಗಿ ನಿಲ್ಲುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಾಗಿದ್ದರೆ ಎದುರು ದಿಕ್ಕಿಗೆ ಮೆಲ್ಲನೆ ಬಗ್ಗಿಸಿ, ರಾತ್ರಿ ಭಾರದ ಪುಸ್ತಕಗಳ ಅಡಿಯಲ್ಲಿಡಿ. ಮುಖದ ಪೌಡರ್ ಹಾಕಬೇಡಿ, ಗುಳಿಗಳಲ್ಲಿ ತುಂಬಿ ತೇವಕ್ಕೆ ಅಂಟಾಗುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲಂತೂ ಕಟ್ಟನ್ನು ಮುಟ್ಟಲೇಬೇಡಿ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿಕೊಂಡೇ ಹಿಡಿಯಿರಿ.